ಕೆಂಪು ಮುಚ್ಚಳದ ಡಬ್ಬಿ

ಆನೆಕಾಲಿನ ಗುಳಿಗೆ ಹಂಚುವ ಕೆಲಸ ನರಿಕೊಂಬಿನ ಲೋಲಾಕ್ಷಿಯ ಪಾಲಿಗೆ ಬಂದದ್ದು ಅವಳಿಗೆ ಓದು ಬರುತ್ತದೆಂಬ ಕಾರಣಕ್ಕೆ. ಮದರಾಸಿನಿಂದ ಬಂದ ಡಾಕ್ಟರು ಅವಳ ಜಗಲಿಯಲ್ಲಿ ಎರಡು ಡಬ್ಬಿ ಇಟ್ಟು ಹೋಗಿದ್ದರು. ಹೊಳೆಬದಿಯ ಕಾಲು ಬಾತವರಲ್ಲಿ ಕೆಲವರಿಗೆ ಕೆಂಪು ಮುಚ್ಚಳದ್ದು, ಕೆಲವರಿಗೆ ನೀಲಿಯದ್ದು. ಲೋಲಾಕ್ಷಿಯ ಮಗಳು ಕಾಂತಿಗೆ ಕೆಂಪು, ಒಣಮೀನು ಮಾರುವ ಮೈಮೂನಮ್ಮನಿಗೆ ನೀಲಿ.

"ಎರಡೂ ಮದ್ದೇ. ಅದಲುಬದಲು ಮಾತ್ರ ಮಾಡಬೇಡಿ" ಎಂದಿದ್ದರು ಡಾಕ್ಟರು.

ಮೈಮೂನಮ್ಮ ದಿನಾ ಬೆಳಿಗ್ಗೆ ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂರುವಳು. ಮನೆಗೆ ಬಂದವರಿಗೆ ಒಂದು ತುಂಡು ಬೆಲ್ಲ, ನೀರು ಕೊಡದೆ ಇರುವುದುಂಟೆ? ಗುಳಿಗೆಯೂ ಅದರ ಜೊತೆಗೇ ಹೋಗುತ್ತಿತ್ತು.

"ಎಂಥ ಮದ್ದಕ್ಕ ಇದು, ಕಹಿಯೇ ಇಲ್ಲ. ನಿಮ್ಮ ಬೆಲ್ಲಕ್ಕಾಗಿ ಬರ್ತೇನೆ ಅಷ್ಟೆ" ಎಂದು ನಗುವಳು.

ಕಾಂತಿಗೆ ಮಾತ್ರ ಗುಳಿಗೆ ನುಂಗಿದ ಮೊದಲ ದಿನವೇ ಜ್ವರ ಏರಿತು. ತಲೆಸುತ್ತು, ವಾಂತಿ. "ಅಮ್ಮಾ, ನನಗೂ ಮೈಮೂನಮ್ಮನ ಗುಳಿಗೆ ಕೊಡು" ಎಂದು ಹುಡುಗಿ ಗೋಗರೆದಳು. ಮಗಳ ಹಣೆಯ ಮೇಲೆ ಒದ್ದೆಬಟ್ಟೆ ಬದಲಿಸುತ್ತ ಕೂತ ಲೋಲಾಕ್ಷಿಗೆ, ಎರಡೂ ಮದ್ದೇ ಆದ ಮೇಲೆ ಮಗು ಯಾಕೆ ನರಳಬೇಕು ಅನ್ನಿಸಿತು. ಮರುದಿನದಿಂದ ಕಾಂತಿಗೆ ನೀಲಿ ಡಬ್ಬಿಯದ್ದು. ಲೆಕ್ಕ ತಪ್ಪಬಾರದೆಂದು ಕೆಂಪು ಡಬ್ಬಿಯದ್ದು ಮೈಮೂನಮ್ಮನ ಬೆಲ್ಲದ ಜೊತೆಗೆ.

ಮೈಮೂನಮ್ಮ ಜ್ವರದಿಂದ ಮಲಗಿದಳು. ಲೋಲಾಕ್ಷಿ ಗಂಜಿ ಕೊಂಡುಹೋದಳು. "ಬಿಸಿಲಿಗೆ ತಿರುಗಿದ್ದಲ್ವಾ" ಎಂದಳು. ಮೈಮೂನಮ್ಮ ಅವಳ ಕೈ ಹಿಡಿದುಕೊಂಡಳು.

ಮಳೆಗಾಲ ಕಳೆದು ಡಾಕ್ಟರು ಮತ್ತೆ ಬಂದು ಎಲ್ಲರ ಕಾಲಿಗೂ ಟೇಪು ಸುತ್ತಿದರು. ಕಾಂತಿಯ ಕಾಲು ಮೊದಲಿಗಿಂತ ದಪ್ಪವಾಗಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ ಕೇಳಿದಾಗ ಲೋಲಾಕ್ಷಿ ನಿಜ ಹೇಳಿದಳು.

"ಏನಮ್ಮ, ಓದಿದವರು ನೀವು. ಜ್ವರ ತರುವ ಕೆಂಪಿನದ್ದೇ ನಿಜವಾದ ಮದ್ದು, ನೀಲಿಯದ್ದು ಬರೀ ಹಿಟ್ಟಿನ ಗುಳಿಗೆ. ನನ್ನ ಇಡೀ ಪರೀಕ್ಷೆ ಕೆಡಿಸಿದಿರಲ್ಲ."

"ಹಿಟ್ಟು ನುಂಗಿದವರ ಕಾಲು?"

"ಹೋಲಿಸಿ ನೋಡಲಿಕ್ಕೆ ಮದ್ದಿಲ್ಲದವರೂ ಬೇಕಲ್ಲ."

"ಅವರಿಗೆ ಹೇಳಬೇಕಿತ್ತು."

"ಹೇಳಿದರೆ ಯಾರು ನುಂಗ್ತಾರೆ?"

ಇನ್ನೂ ಕೇಳಬೇಕೆಂದು ಬಾಯಿ ತೆರೆದವಳಿಗೆ ತನ್ನ ಕೈಯಿಂದಲೇ ಹೋದ ಬೆಲ್ಲ ನೆನಪಾಯಿತು. ಡಾಕ್ಟರು ಕಾಂತಿಗೆಂದು ಕೆಂಪು ಡಬ್ಬಿ ಬಿಟ್ಟು ಹೋದರು.

ಮಾರನೆಯ ಬೆಳಿಗ್ಗೆ ಮೈಮೂನಮ್ಮ ಹೊಸ ಚಪ್ಪಲಿ ಮೆಟ್ಟಿ ಬಂದಳು. "ನೋಡಿ ಅಕ್ಕ, ಕಾಲು ಹೋಗ್ತದೆ ಇದರೊಳಗೆ. ನಿಮ್ಮ ಕೈಗುಣ."

ಹೇಳದಿದ್ದರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಲೋಲಾಕ್ಷಿ ಬೆಲ್ಲ ನೀರು ಇಟ್ಟು ಎದುರಿಗೆ ಕೂತಳು. ತಲೆ ಎತ್ತದೆ ಎಲ್ಲವನ್ನೂ ಹೇಳಿದಳು.

ಮೈಮೂನಮ್ಮ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು.

"ಮಗು ನರಳಿದರೆ ತಾಯಿ ಏನು ಬೇಕಾದರೂ ಮಾಡ್ತಾಳೆ, ಅದು ಬಿಡಿ. ಗಂಜಿ ತಂದಿರಲ್ಲ, ಆ ದಿನ ಆದರೂ ಹೇಳಬಹುದಿತ್ತು."

"ಹೇಳಬಹುದಿತ್ತು."

"ಕಾಂತಿಗೆ ಈಗ ಸರಿಯಾದ್ದು ಕೊಡ್ತಾ ಇದ್ದೀರಲ್ಲ?"

"ನಿನ್ನೆಯಿಂದ."

"ಜ್ವರ ಬರ್ತದೆ. ಹೆದರಬೇಡಿ, ಇಳೀತದೆ." ಲೋಲಾಕ್ಷಿ ಕೈಕೊಡುವ ಮೊದಲೇ ಅವಳು ತಾನೇ ಬುಟ್ಟಿ ಎತ್ತಿ ತಲೆಗಿಟ್ಟು ಮೆಟ್ಟಿಲಿಳಿದಳು.

ಒಳಗಿನಿಂದ ಕಾಂತಿ ನರಳಿ ಕರೆದಳು. ಲೋಲಾಕ್ಷಿ ಎದ್ದು ಹೋಗುವಾಗ ಜಗಲಿಯಲ್ಲಿ ಬೆಲ್ಲದ ತುಂಡು ಇಟ್ಟಲ್ಲೇ ಇತ್ತು. ಅದಕ್ಕೆ ಆಗಲೇ ಇರುವೆ ಹತ್ತಿತ್ತು.