ಮಸ್ಕಿಯ ತಕ್ಕಡಿ ಮತ್ತು ಆಗದೇ ಹೋದ ಬಾಕ್ಸಿಂಗು

ಬಾಲಪ್ಪನಿಗೆ ಬೇಕಾಗಿದ್ದವಳು ಸೂಗಮ್ಮ. ಬಾಕ್ಸಿಂಗು ನಡುವೆ ಬಂದು ವಕ್ಕರಿಸಿತು, ಅಷ್ಟೆ.

ಜವಳಗೇರಾದ ಬಾಲಪ್ಪ ಸಿಂಧನೂರು ಸೀಮೆಗೆಲ್ಲ ಹೆಸರಾದ ಪೈಲ್ವಾನ. ಲಿಂಗಸುಗೂರಿನವರಿಗೆ ಗುರುಗುಂಟಾದ ಮೈಲಾರಲಿಂಗಪ್ಪ. ಇಬ್ಬರೂ ಎಷ್ಟು ಸಲ ಮಣ್ಣಿಗಿಳಿದರೂ ಕುಸ್ತಿ ಬರಾಬರಿಯೇ. ಯಾರ ಬೆನ್ನೂ ನೆಲ ಮುಟ್ಟದೆ ನೋಡುವವರ ತಲೆ ಚಿಟ್ಟು ಹಿಡಿದಿತ್ತು. ಎಂಬತ್ತಾರನೆಯ ಇಸವಿಯಲ್ಲಿ, ಮಿಲಿಟರಿಯಿಂದ ನಿವೃತ್ತನಾಗಿ ಮಸ್ಕಿಗೆ ಬಂದ ಹುಸೇನ್‌ಸಾಬ್ ಎರಡೂ ಊರಿನವರ ತಲೆಗೆ ಹುಳ ಬಿಟ್ಟ.

"ಬಾಕ್ಸಿಂಗ್ ಇಡ್ರಿ. ಗುದ್ದಿದಾಂವ ನಿಂತಿರ್ತಾನ, ಗುದ್ದಿಸಿಕೊಂಡಾಂವ ಬಿದ್ದಿರ್ತಾನ. ಬರಾಬರಿ ಅನ್ನೋ ಮಾತೇ ಇಲ್ಲ."

ಬಾಲಪ್ಪನಿಗೆ ಸ್ವರ್ಗ ಕಂಡಿತು. ಪೈಲ್ವಾನನನ್ನು ಊರೇ ಸಾಕಬೇಕು, ಹಾಲು, ತುಪ್ಪ, ಬಾದಾಮಿಯ ಖುರಾಕು ಮನೆಮನೆಯಿಂದ ಬರಬೇಕು ಎಂಬುದು ಈ ಕಡೆಯ ರಿವಾಜು. ಬಾಲಪ್ಪನ ಖುರಾಕಿನ ಉಸ್ತುವಾರಿ ಸಿಂಧನೂರಿನ ಹಿರಿಯ ಅಮರಗುಂಡಪ್ಪನವರದು. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಮಾರುವ ಪಾರ್ವತೆಮ್ಮನ ಮಗಳು ಸೂಗಮ್ಮನ ಮೇಲೆ ತನಗೆ ಮನಸ್ಸಾಗಿದೆ ಎಂದು ಅವರ ಮುಂದೆ ನೆಲ ಕೆರೆಯುತ್ತ ಹೇಳಿಕೊಂಡ.

"ಗೆದ್ದು ಬಾ, ಮರುದಿನ ನಾನೇ ಹೆಣ್ಣು ಕೇಳಾಕ ಬರ್ತೀನಿ," ಅಂದರು ಅವರು. "ಸೋತಿ ಅಂದ್ರ ಯಾವ ಮಾರಿ ಇಟ್ಕೊಂಡು ಕೇಳ್ಲಿ?"

ಕರಾರು ಬರೆಯಲು ಎರಡೂ ಕಡೆಯ ಹಿರಿಯರು ಛಾಪಾ ಕಾಗದ ಹಿಡಿದು ಮಸ್ಕಿಯಲ್ಲಿ ಕೂತರು. ಕೂತವರು ಏಳಬೇಕಲ್ಲ! ಮಸ್ಕಿ ಎರಡೂ ಊರಿಗೆ ನಡುವೆ ಇದೆ, ಪಂದ್ಯ ಇಲ್ಲೇ ಆಗಲಿ ಎಂದರು ಲಿಂಗಸುಗೂರಿನವರು.

"ಮಸ್ಕಿ ನಿಮ್ಮ ತಾಲೂಕಿನಾಗ ಐತಿ. ಅದು ನಡುವಿನ ಊರು ಹೆಂಗ ಆಗ್ತೈತಿ?" ಅಮರಗುಂಡಪ್ಪ ಪಟ್ಟು ಹಿಡಿದರು. ಅಖಾಡದ ಅರ್ಧಕ್ಕೆ ಸಿಂಧನೂರಿನ ಮಣ್ಣು ಹಾಕಬೇಕೆಂದು ಕರಾರಿನಲ್ಲಿ ಒಂದು ಕಲಮು ಬರೆಸಿದರು. ಬಾಕ್ಸಿಂಗಿಗೆ ಮಣ್ಣಿಲ್ಲ, ಹಲಗೆ ಎಂದು ಹುಸೇನ್‌ಸಾಬ್ ತಿಳಿಹೇಳಿದ. ಹಾಗಾದರೆ ಅರ್ಧ ಹಲಗೆ ನಮ್ಮವು ಎಂದರು. ಆಮೇಲೆ ಪೋಸ್ಟರಿನ ಜಗಳ. ಮೈಲಾರಲಿಂಗಪ್ಪ ಎಂಬ ಹೆಸರು ಗೋಡೆ ತುಂಬುತ್ತದೆ, ಬಾಲಪ್ಪ ಮೂಲೆಯಲ್ಲಿ ಮುದುಡುತ್ತಾನೆ. ಹೆಸರೆರಡೂ ಒಂದೇ ಉದ್ದ ಕಾಣಬೇಕೆಂದು ಇನ್ನೊಂದು ಕಲಮು ಬಿತ್ತು. ಪೋಸ್ಟರಿನಲ್ಲಿ ಬಾಲಪ್ಪನ ಒಂದೊಂದು ಅಕ್ಷರವೂ ಕುಂಬಳಕಾಯಿ ಗಾತ್ರವಾಯಿತು.

ಇವರ ಮಾತು ಮುಗಿಯುವ ತನಕ ಬಾಲಪ್ಪ ಭಜಿ ಅಂಗಡಿಯ ಬೆಂಚಿನ ಮೇಲೆ. ಸೂಗಮ್ಮನ ಬಾಯಿ ಅವಳ ಮಿರ್ಚಿಗಿಂತ ಖಾರ. ಆದರೂ ಅವಳು ಬೈದ ದಿನ ಅವನಿಗೆ ಹಬ್ಬ.

"ಬಾಕ್ಸಿಂಗ್‌ದಾಗ ಮೂಗು ಒಡಿತಾವಂತ, ಖರೇನಾ?" ಒಂದು ದಿನ ಕೇಳಿದಳು.

"ಒಡೆದ್ರ ಅವಂದು ಒಡಿತೈತಿ," ಎಂದು ಬಾಲಪ್ಪ ಮೀಸೆ ತಿರುವಿದ. ಸೂಗಮ್ಮ ಅವನ ಮೂಗನ್ನೊಮ್ಮೆ ನೋಡಿ, ಎಣ್ಣೆಯಲ್ಲಿದ್ದ ಮಿರ್ಚಿ ಮಗುಚಿ ಹಾಕಿದಳು.

ಕೊನೆಗೆ ಉಳಿದದ್ದು ಒಂದೇ ಕಲಮು. ಇಬ್ಬರ ತೂಕವೂ ಸಮ ಇರಬೇಕು, ಅದು ಬಾಕ್ಸಿಂಗಿನ ಕಾಯ್ದೆ ಎಂದ ಹುಸೇನ್‌ಸಾಬ್. ಸರಿ, ಸಂತೆಯ ದಿನ ಹತ್ತಿ ಅಂಡಿಗೆ ತೂಗುವ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಬಾಲಪ್ಪನನ್ನು, ಇನ್ನೊಂದರಲ್ಲಿ ಮೈಲಾರಲಿಂಗಪ್ಪನನ್ನು ಕೂರಿಸಿದರು. ಬಾಲಪ್ಪ ಮೇಲಕ್ಕೆ ಹೋದ. ಅಲ್ಲಿಂದ ನೋಡಿದರೆ ಸೂಗಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಬೇರೆ ಸೀಮೆಯವರಾಗಿದ್ದರೆ ಭಾರ ಇದ್ದವನಿಗೆ ಎರಡು ದಿನ ಉಪವಾಸ ಹಾಕುತ್ತಿದ್ದರು. ಆದರೆ ಪೈಲ್ವಾನನ ಖುರಾಕು ಇಳಿಸುವುದೆಂದರೆ ಊರಿನ ಮಾನ ಇಳಿಸಿದಂತೆ. ಲಿಂಗಸುಗೂರಿನವರು ಒಂದು ಬಾದಾಮಿಯನ್ನೂ ಇಳಿಸಲು ಒಪ್ಪಲಿಲ್ಲ. ಹಾಗಾಗಿ ಬಾಲಪ್ಪನೇ ಉಣ್ಣಬೇಕಾಯಿತು. ಉಂಡ, ಕುಡಿದ, ಅಂಗಿಯ ಗುಂಡಿ ಹಾರುವಷ್ಟು ಉಬ್ಬಿದ. ಏನು ಮಾಡಿದರೂ ಪ್ರತಿ ಸಂತೆಗೂ ಅವನ ತಟ್ಟೆಯೇ ಮೇಲೆ!

ಕಾರಣ ಒಂದು ಸಂತೆಯ ದಿನ ಕಣ್ಣಿಗೇ ಬಿತ್ತು. ಬಾಲಪ್ಪ ಬೇಗ ಬಂದಿದ್ದ. ಮೈಲಾರಲಿಂಗಪ್ಪ ಭಜಿ ಅಂಗಡಿಯಲ್ಲಿ ಕೂತಿದ್ದಾನೆ, ಸೂಗಮ್ಮ ಬಿಸಿಬಿಸಿ ಮಿರ್ಚಿ ತಾಟಿಗೆ ಸುರಿಯುತ್ತಿದ್ದಾಳೆ. "ಇನ್ನೆರಡು ತಿನ್ನಣ್ಣ," ಎಂದು ಒತ್ತಾಯ ಬೇರೆ. ತನಗೆ ಎಂದಾದರೂ ಎರಡನೆಯ ಪ್ಲೇಟು ಕೊಟ್ಟಿದ್ದಳೇ? ಅಣ್ಣ ಎಂದದ್ದೂ ಬಾಲಪ್ಪನ ಕಿವಿಗೆ ಬೀಳಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದವನಿಗೆ ಕಿವಿ ಎಲ್ಲಿಯದು?

ನೆಟ್ಟಗೆ ಹಿರಿಯರ ಮುಂದೆ ಹೋಗಿ ನಿಂತ.

"ತಕ್ಕಡಿ ಮಣ್ಣುಗೂಡ್ಲಿ. ಆ ಕಲಮು ಹೊಡದು ಹಾಕ್ರಿ. ಇವತ್ತೇ ಗುದ್ದತೀನಿ."

ಹಲಗೆಗಳು ಜೋಡಿಸಿಯೇ ಇದ್ದವು. ಹುಸೇನ್‌ಸಾಬ್ ಪೆಟ್ಟಿಗೆಯಿಂದ ಕೆಂಪು ಗ್ಲೌಸು ತೆಗೆದ. ಬಾಲಪ್ಪ ಅವನ್ನು ಕೈಗೇರಿಸಿಕೊಂಡು, ಅವಳಿಗೆ ತೋರಿಸಿಯೇ ಬರುತ್ತೇನೆಂದು ಅಂಗಡಿಗೆ ನುಗ್ಗಿದ. ಮೈಲಾರಲಿಂಗಪ್ಪ ಆಗಲೇ ಎದ್ದು ಹೋಗಿದ್ದ.

"ನಿನ್ನ ಮೈಲಾರಲಿಂಗಪ್ಪನ್ನ ಇವತ್ತು ಮಲಗಸ್ತೀನಿ, ನೋಡು."

"ನನ್ನ ಮೈಲಾರಲಿಂಗಪ್ಪ? ಅಂವಗ ಗುರುಗುಂಟಾದಾಗ ಹೆಂಡ್ತಿ ಮಕ್ಕಳು ಅದಾರ. ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಪಂದ್ಯಕ್ಕೆ ಜೋಡಿ ಕಟ್ಟಿದ ಮೇಲೆ ಪೈಲ್ವಾನರು ಒಬ್ಬರೊಬ್ಬರ ಜೊತೆ ಮಾತಾಡಬಾರದೆಂಬ ರಿವಾಜಿತ್ತು.

"ಮತ್ತ ಅಂವಗ ಯಾಕ ಅಷ್ಟು ತಿನ್ನಸಾಕತ್ತೀದಿ?"

ಸೂಗಮ್ಮ ಜಾಲರಿ ಸೌಟು ಕೆಳಗಿಟ್ಟಳು. "ತಕ್ಕಡಿ ಸಮ ಆಗಬಾರದಂತ ತಿನ್ನಸಾಕತ್ತೀನಿ. ಸಮ ಆದ್ರ ನೀ ಗುದ್ದಾಕ ಹೋಗ್ತಿ, ಮೂಗು ಒಡಕೊಂಡು ಬರ್ತಿ. ಮುಂದ ದಿನಾ ಆ ಮಾರಿ ನೋಡಬೇಕಾದಾಕಿ ನಾನಲ್ಲೇನು?"

"ಗೆದ್ರ ಅಮರಗುಂಡಪ್ಪನೋರು ನಿನ್ನ ಕೇಳಾಕ ಬರ್ತಾರಂತ..." ಎಂದು ಬಾಲಪ್ಪ ತೊದಲಿದ.

"ನನ್ನ ಕೇಳಾಕ ಬಾಕ್ಸಿಂಗ್ ಯಾಕ ಬೇಕು? ನಿನಗ ಬಾಯಿ ಇಲ್ಲೇನು?"

ಕುಂಬಳಕಾಯಿಯಂಥ ಕೆಂಪು ಕೈಗಳನ್ನು ಎದೆಗೊತ್ತಿಕೊಂಡು ಬಾಲಪ್ಪ ಕೇಳಿಯೇ ಬಿಟ್ಟ. ಸೂಗಮ್ಮ ಹೂಂ ಅಂದಳು. ಒಳಗೆ ಹಿಟ್ಟು ಕಲಸುತ್ತಿದ್ದ ಪಾರ್ವತೆಮ್ಮನೂ ಹೂಂ ಅಂದಳು. ಅವಳಿಗೆ ಖರ್ಚಾದ ಮೆಣಸಿನಕಾಯಿಯ ಲೆಕ್ಕ ಮೊದಲೇ ಗೊತ್ತಿತ್ತು.

ಹಿರಿಯರು ಕಲಮಿನ ಮೇಲೆ ಗೀಟು ಎಳೆಯಲು ಯಾರು ಮೊದಲು ಪೆನ್ನು ಹಿಡಿಯಬೇಕೆಂದು ಇನ್ನೂ ಜಗಳಾಡುತ್ತಿದ್ದರು. ಬಾಲಪ್ಪ ಕೈಮುಗಿದು ನಿಂತ.

"ತಪ್ಪಾತ್ರೀ. ಕರಾರು ಅಂದ್ರ ಕರಾರು. ತೂಕ ಸಮ ಆಗೋತನಕ ನಾ ಕೈ ಎತ್ತಾಂಗಿಲ್ಲ."

ಎಂಥ ನ್ಯಾಯವಂತ ಹುಡುಗ ಎಂದು ಎರಡೂ ಊರಿನವರ ಕಣ್ಣು ತುಂಬಿ ಬಂದವು. ಮದುವೆ ಅದೇ ಹಲಗೆಗಳ ಮೇಲೆ ನಡೆಯಿತು. ಊಟಕ್ಕೆ ಕೂತ ಮೈಲಾರಲಿಂಗಪ್ಪ ಕತ್ತಲಾಗುವ ತನಕ ಏಳಲೇ ಇಲ್ಲ. ಆಮೇಲೂ ಎಷ್ಟೋ ವರ್ಷ ತಕ್ಕಡಿ ಏರಿಸಿದರು, ಸಮ ಆಗಲಿಲ್ಲ. ಆ ಬಾಕ್ಸಿಂಗಿನಲ್ಲಿ ನಾವೇ ಗೆಲ್ಲುತ್ತಿದ್ದೆವು ಎಂದು ಸಿಂಧನೂರಿನವರೂ ಲಿಂಗಸುಗೂರಿನವರೂ ಈಗಲೂ ಬಸ್ಸಿನಲ್ಲಿ ಜಗಳಾಡುತ್ತಾರೆ. ಗ್ಲೌಸು ಮಾತ್ರ ಸೂಗಮ್ಮನ ಹತ್ತಿರವೇ ಉಳಿದವು. ಕಾದ ಎಣ್ಣೆಯ ಬಾಣಲೆ ಇಳಿಸಲು ಅಂಥ ಅನುಕೂಲ ಬೇರೊಂದಿಲ್ಲ ಎನ್ನುತ್ತಿದ್ದಳು.