ಹರಳು ತಿರುಗಿದತ್ತ

ಹಸಿರು ಚುಕ್ಕೆ, ಒಂದು, ಅಲ್ಲ ನಾಲ್ಕು, ಪರದೆಯ ಮೇಲೆ ಚೌಕದ ಮೂಲೆಗಳ ಹಾಗೆ — ಕಣ್ಣುಜ್ಜಿಕೊಳ್ಳುತ್ತೇನೆ, ಹೋಗುವುದಿಲ್ಲ, ಪಂಪು ಗುಂಯ್‌ಗುಡುತ್ತಲೇ ಇದೆ, ಉಕ್ಕಿನ ಕೋಠಿಯೊಳಗೆ ಗಾಳಿಯಿಲ್ಲ, ಉಗುರಗಲದ ತಾಮ್ರದ ಹರಳೊಂದೇ ಇದೆ, ಅದರ ಮೇಲೆ ಆರ್ಗಾನ್ ಅಯಾನುಗಳ ಸುರಿಮಳೆ, ಪೆಟ್ಟು ತಿಂದಲ್ಲಿಂದ ಪರಮಾಣುಗಳು ಸಿಡಿಯುತ್ತವೆ, ಹೆಚ್ಚಿನವು ಬರಿಗೈಯಲ್ಲಿ, ಎಲ್ಲೋ ಒಂದೊಂದು ಎಲೆಕ್ಟ್ರಾನ್ ಕಳೆದುಕೊಂಡು ವಿದ್ಯುದಂಶ ಹೊತ್ತು, ಆ ಒಂದೊಂದೇ ನನ್ನವು, ಪರದೆಗೆ ಬಂದು ಬೆಳಗುವಂಥವು, ಎಲ್ಲ ದಿಕ್ಕಿಗೂ ಒಂದೇ ಸಮ ಚೆಲ್ಲುತ್ತವೆ ಕಣಮ್ಮ, ಅಂದಿದ್ದರು ಮೇಷ್ಟ್ರು, ಕಾದ ಬಾಣಲೆಯಿಂದ ನೀರು ಸಿಡಿದ ಹಾಗೆ, ಅದಕ್ಕೇನು ದಿಕ್ಕು — ಈ ಪ್ರಯೋಗಶಾಲೆ ಕಟ್ಟಿದವರು, ನನಗೆ ಕೈಹಿಡಿದು ವೆಲ್ಡಿಂಗ್ ಕಲಿಸಿದವರು, ಅವರಿಗೆ ಎದುರಾಡಿದ್ದು ನಾನೊಬ್ಬಳೇ, ಅಲ್ಲ ಸರ್, ಹರಳಲ್ಲಿ ಪರಮಾಣುಗಳು ಸಾಲಾಗಿ ನಿಂತಿವೆ, ಪೆಟ್ಟು ಸಾಲು ಹಿಡಿದೇ ಹೋಗ್ಬೇಕು. ಗೋಲಿಗಳು, ಅಂಗಳದಲ್ಲಿ ಅಕ್ಕ ಗೋಲಿಗಳನ್ನು ಒತ್ತೊತ್ತಾಗಿ ಇಡುತ್ತಿದ್ದಳು, ಈ ತುದಿಗೆ ಹೊಡೆದರೆ ಆ ತುದಿಯದು ಮಾತ್ರ ನೆಗೆಯುತ್ತಿತ್ತು, ನಡುವಿನವು ಏನೂ ಗೊತ್ತಿಲ್ಲದವರ ಹಾಗೆ — ನೋಡೇ ಪುಟ್ಟಿ, ಹೊಡೆದಿದ್ದು ಇವನಿಗೆ, ಓಡಿಹೋದೋನು ಅವನು — ಆ ನಗು ಈಗಲೂ ಕಿವಿಯಲ್ಲಿದೆ. ಮೂರು ಹರಳು ಕೆಟ್ಟವು, ಉಜ್ಜಿ ಉಜ್ಜಿ ಬೆರಳ ಚರ್ಮ ಸುಲಿಯಿತು, ಪರದೆಯ ತುಂಬ ಬರೀ ಮಬ್ಬು, ನಾಳೆಯಿಂದ ಯಂತ್ರ ಬೇರೆಯವರ ಪಾಲು, ಸಾಕು ಬಿಡಮ್ಮ, ಇಷ್ಟು ಹಟ ಒಳ್ಳೇದಲ್ಲ, ಅಂದರು ಮೇಷ್ಟ್ರು — ಮೇಲ್ಪದರ ಇನ್ನೂ ಕೊಳೆಯಾಗಿದೆ ಅನ್ನಿಸಿ ಬೆಳಗಿನಿಂದ ಹರಳನ್ನು ಅಯಾನುಗಳಿಂದಲೇ ತೊಳೆದು, ಕಾಯಿಸಿ, ಮತ್ತೆ ತೊಳೆದು, ಮತ್ತೆ ಕಾಯಿಸಿ — ಈಗ ಇದು, ಒಂದೊಂದು ಸಾಲಿನ ತುದಿಗೆ ಒಂದೊಂದು ಚುಕ್ಕೆ. ಬಾಗಿಲು. ಮೇಷ್ಟ್ರು, ಕೋಟು ಹೆಗಲಿಗೇರಿಸಿ ಮನೆಗೆ ಹೊರಟವರು, ನೋಡುತ್ತಾರೆ, ಹುಬ್ಬು ಗಂಟಿಕ್ಕುತ್ತದೆ, ಪರದೆಯದೇ ದೋಷ ಇರ್ಬೇಕು. ಹಾಗಿದ್ರೆ ಹರಳು ತಿರುಗಿಸಿದ್ರೂ ಚುಕ್ಕೆ ಅಲ್ಲೇ ಇರ್ಬೇಕಲ್ಲ ಸರ್, ನೀವೇ ತಿರುಗಿಸಿ. ನನ್ನ ದನಿ ನಡುಗಲಿಲ್ಲ, ಭೇಷ್ ನನ್ನ ದನಿಯೇ. ಅವರು ಕೋಠಿಯ ಹೊರಗಿಂದ ಹರಳು ತಿರುಗಿಸುವ ಹಿಡಿ ತಿರುಗಿಸುತ್ತಾರೆ, ಕೂದಲೆಳೆಯಷ್ಟು, ಇನ್ನಷ್ಟು — ಹೊರಟವು, ನಾಲ್ಕೂ ಒಟ್ಟಿಗೆ, ಅವರ ಕೈ ಹೋದತ್ತಲೇ. ನಾನಂದದ್ದು ತಪ್ಪು ಕಣಮ್ಮ, ಎಂದರು ಮೆಲ್ಲಗೆ, ಈ ಯಂತ್ರ ನಿಂದೇ, ಯಾರಿಗೂ ಕೊಡಲ್ಲ, ಎದೆಯುಬ್ಬಿ ಉಸಿರಿಗೆ ಜಾಗವಿಲ್ಲ, ನಾನು ಹೇಳಿದ್ದೆ, ನಾನು, ನಾನೇ, ಅವರು ಹಿಡಿ ಬಿಡುತ್ತಿಲ್ಲ, ಎಡಕ್ಕೆ, ಬಲಕ್ಕೆ, ಕೋಟು ಜಾರಿ ನೆಲಕ್ಕೆ ಬಿತ್ತು, ನೋಡಲಿಲ್ಲ, ಹಸಿರು ಬೆಳಕಲ್ಲಿ ನರೆತ ಗಡ್ಡ, ಅರೆತೆರೆದ ಬಾಯಿ, ಎಡಕ್ಕೆ, ಬಲಕ್ಕೆ, ಹಸಿರು ಗಡ್ಡ, ಅರೆತೆರೆದ ಬಾಯಿ, ಎಡಕ್ಕೆ —