ಹಸುವಿಗೆ ಆತ್ಮವಿಲ್ಲ

ಪಶುವೈದ್ಯರು ಬರುವ ದಿನ ವೋಲ್ಟರನ ಮನೆಯಲ್ಲಿ ಎಲ್ಲ ಕೆಲಸವೂ ಒಂದು ಗಂಟೆ ಮುಂಚೆ. ಹದಿನೆಂಟು ಹಸುಗಳನ್ನು ಕೊಟ್ಟಿಗೆಯಲ್ಲಿ ಸಾಲಾಗಿ ಕಟ್ಟಬೇಕು, ಬಕೆಟ್ಟಿನಲ್ಲಿ ಬಿಸಿನೀರು ಇಡಬೇಕು, ವೈದ್ಯರಿಗೆ ಕಾಫಿ ಕಾಯಿಸಬೇಕು. ಕಾಲುಬಾಯಿ ಜ್ವರದ ಸೂಜಿ ಹಸುಗಳಿಗೆ ವರ್ಷಕ್ಕೊಮ್ಮೆ ಬೀಳಲೇಬೇಕು. ಅದು ಸರ್ಕಾರದ ಕಟ್ಟಳೆ, ತಪ್ಪಿಸುವಂತಿರಲಿಲ್ಲ.

ಏಳು ವರ್ಷದ ಫೆಮ್ಮಿ ಮರದ ಪಾದರಕ್ಷೆಗಳನ್ನು ಟಕಟಕ ಅನ್ನಿಸುತ್ತ ಹಸುವಿನಿಂದ ಹಸುವಿಗೆ ಓಡಾಡಿದಳು. ಚುಚ್ಚಿಸಿಕೊಂಡ ಪ್ರತಿ ಹಸುವಿನ ಕಿವಿಯಲ್ಲೂ, "ಆಯ್ತು, ಆಯ್ತು, ಇನ್ನು ನಿಂಗೇನೂ ಆಗಲ್ಲ" ಎಂದು ಸಮಾಧಾನ ಹೇಳಿದಳು. ಹದಿನೆಂಟನೆಯದೂ ಮುಗಿದ ಮೇಲೆ ತನ್ನ ಅಂಗಿಯ ತೋಳು ಮೇಲಕ್ಕೆ ಸರಿಸಿಕೊಂಡು ವೈದ್ಯರ ಎದುರು ನಿಂತಳು.

"ನಂಗೆ?"

ವೈದ್ಯರು ನಕ್ಕರು. ನಕ್ಕು ವೋಲ್ಟರನ ಮುಖ ನೋಡಿದರು. ನಗು ಅಲ್ಲೇ ನಿಂತಿತು.

"ನಿಂಗೆ ಬೇಡ ಮಗಳೇ" ಎಂದ ವೋಲ್ಟರ್.

"ಯಾಕಪ್ಪ?"

"ಹಸುವಿಗೆ ಆತ್ಮ ಇಲ್ಲ, ಅದನ್ನ ಸರ್ಕಾರ ನೋಡ್ಕೊಳ್ಳುತ್ತೆ. ನಿಂಗೆ ಆತ್ಮ ಇದೆ. ನಿನ್ನನ್ನ ದೇವರು ನೋಡ್ಕೋತಾನೆ."

ಬಾಗಿಲ ಬಳಿ ಹಾಲಿನ ಕ್ಯಾನು ತೊಳೆಯುತ್ತಿದ್ದ ಯೆನ್ನೆಕೆಗೆ ಗಂಡನ ಈ ಉತ್ತರ ಆಗ ಚೆಂದವಾಗಿಯೇ ಕೇಳಿಸಿತು. ಎಷ್ಟು ಸರಳವಾಗಿ ಹೇಳಿದರು ಅಂದುಕೊಂಡಳು. ಓದುವವರು ಈ ಮಾತನ್ನು ಮರೆಯಬಾರದು. ಅವಳಂತೂ ಮರೆಯಲಿಲ್ಲ.

ಮಾರ್ಸ್‌ವೇನ್ ಎಂಬ ಹಾಲೆಂಡಿನ ಆ ಊರಿನಲ್ಲಿ ಯಾವ ಮಗುವಿಗೂ ಸೂಜಿ ಹಾಕಿಸುತ್ತಿರಲಿಲ್ಲ. ರೋಗ ಬಂದ ಮೇಲೆ ವೈದ್ಯರನ್ನು ಕರೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಬರುವ ಮೊದಲೇ ತಡೆಯುವುದು ಪಾಪ. ರೋಗ ಕಳಿಸುವವನು ದೇವರು, ಅವನ ಕೈಗೆ ಅಡ್ಡ ನಿಲ್ಲಲು ನೀನ್ಯಾರು? ಹೀಗೆಂದು ಪಾದ್ರಿ ಬೋಧಿಸಿದರು, ಸಭೆಯ ಹಿರಿಯರು ಕಾವಲು ಕಾದರು, ತಾಯಂದಿರು ತಲೆ ಬಗ್ಗಿಸಿದರು. ಭಾನುವಾರ ಎರಡು ಹೊತ್ತೂ ಕಪ್ಪು ಲಂಗ, ಕಪ್ಪು ಟೊಪ್ಪಿ ಹಾಕಿಕೊಂಡು ಅವರೆಲ್ಲ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಪಾದ್ರಿಯ ಪ್ರಸಂಗಕ್ಕೆ ಮೂರು ಭಾಗ. ಭಾಗಕ್ಕೊಂದರಂತೆ ಅಜ್ಜಿ ಗೇಸೆ ಫೆಮ್ಮಿಯ ಕೈಗೆ ಪೆಪ್ಪರಮೆಂಟು ಇಡುತ್ತಿದ್ದಳು. ಮೂರನೆಯದು ಬಂತೆಂದರೆ ಮನೆಗೆ ಹೋಗುವ ಹೊತ್ತು ಹತ್ತಿರವಾಯಿತು ಎಂದು ಹುಡುಗಿ ಕಾಲು ಆಡಿಸತೊಡಗುತ್ತಿದ್ದಳು.

ಮೇ ತಿಂಗಳ ಒಂದು ಶನಿವಾರ ವೋಲ್ಟರನ ತಮ್ಮ ಬೆರೆಂಡ್ ಬಸ್ಸಿನಲ್ಲಿ ಬಂದಿಳಿದ. ಅವನು ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಪಾದ್ರಿಗಳಾಗುವವರಿಗೆ ದೇವಶಾಸ್ತ್ರ ಕಲಿಸುವವನು. ಹಿಂದಿನ ಚಳಿಗಾಲದಲ್ಲಿ ಒಂದು ತೆಳ್ಳನೆಯ ಪುಸ್ತಕ ಬರೆದಿದ್ದ. ಹುಟ್ಟುವ ಮೊದಲೇ ದೇವರು ಕೆಲವರನ್ನು ಸ್ವರ್ಗಕ್ಕೂ ಉಳಿದವರನ್ನು ನರಕಕ್ಕೂ ಬರೆದಿಟ್ಟಿದ್ದಾನೆ, ರೋಗರುಜಿನವೆಲ್ಲ ಅವನ ಕೈಯಿಂದಲೇ ಬರುತ್ತದೆ ಎಂಬ ಬೋಧನೆ ಯೇಸುವಿನದಲ್ಲ, ಸಭೆಯ ಗಂಡಸರು ಕೂತು ಕಟ್ಟಿದ್ದು ಎಂದು ಅದರಲ್ಲಿ ನೇರವಾಗಿ ಹೇಳಿದ್ದ. ಆಮೇಲೆ ಮಾರ್ಸ್‌ವೇನಿನ ಸಭೆ ಅವನಿಗೆ ಪ್ರಸಂಗಪೀಠ ಹತ್ತಗೊಡಲಿಲ್ಲ. ಹಿರಿಯ ಲುಬ್ಬರ್ಟ್ ಆ ಪುಸ್ತಕವನ್ನು ಕೈಯಿಂದ ಮುಟ್ಟದೆ ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕಿದ್ದನ್ನು ಊರು ಇನ್ನೂ ಹೇಳಿಕೊಂಡು ನಗುತ್ತಿತ್ತು.

ಬೆರೆಂಡ್ ಕೋಟು ಬಿಚ್ಚುವ ಮೊದಲೇ ಮಾತು ಶುರುಮಾಡಿದ.

"ಅಣ್ಣ, ಕಾಲುವೆ ಮೇಲಿನೂರಲ್ಲಿ ಇಬ್ಬರು ಮಕ್ಕಳಿಗೆ ಪೋಲಿಯೊ ಬಂದಿದೆ. ಒಬ್ಬನಿಗೆ ಎರಡೂ ಕಾಲು ಹೋಗಿದೆ. ಫೆಮ್ಮಿಗೂ ಅವಳ ತಮ್ಮ ರೂಲೊಫನಿಗೂ ಸೋಮವಾರವೇ ಸೂಜಿ ಹಾಕಿಸು. ನಿನ್ನ ಕೈ ಮುಗೀತೀನಿ."

"ಕೈ ಮುಗಿಯೋದಾದ್ರೆ ದೇವರಿಗೆ ಮುಗಿ" ಎಂದ ವೋಲ್ಟರ್. "ಅವನು ಬರೆದದ್ದನ್ನ ನಾನು ಅಳಿಸ್ಲಾ?"

"ಬರೆದದ್ದು ಅವನೇ ಅಂತ ಹೇಗೆ ಗೊತ್ತಾಯ್ತು? ಅವನ ಕೈಬರಹ ನೋಡಿದ್ದೀಯಾ?"

"ಬೆರೆಂಡ್!" ಅಂದಳು ತಾಯಿ ಗೇಸೆ, ಹೆಣೆಯುತ್ತಿದ್ದ ಕಾಲುಚೀಲ ಕೆಳಗಿಟ್ಟು. "ಊಟದ ಮೇಜು ಅದು. ಬಾಯಿ ತೊಳ್ಕೊಂಡು ಮಾತಾಡು."

"ಅಮ್ಮ, ಈ ಮನೆ ಕೂತಿರೋದೇ ಸಮುದ್ರದ ನೆಲದ ಮೇಲೆ. ಹಾಲೆಂಡಿನ ಅರ್ಧ ಒಡ್ಡಿನ ಹಿಂದಿದೆ. ನೀರು ಬರೋಕೆ ಮೊದಲೇ ಅಲ್ವಾ ಅಜ್ಜಂದಿರು ಒಡ್ಡು ಕಟ್ಟಿದ್ದು? ಅದೂ ದೇವರ ಕೈಗೆ ಅಡ್ಡ ಬಂದ ಹಾಗಲ್ವಾ?"

"ನೀರಿನ ವಿಷಯ ಬೇರೆ" ಎಂದ ವೋಲ್ಟರ್.

"ಯಾಕೆ ಬೇರೆ?"

ಉತ್ತರವಿಲ್ಲದ ಗಂಡಸಿಗೆ ಸಿಟ್ಟು ಬರುತ್ತದೆ, ವೋಲ್ಟರನಿಗೂ ಬಂತು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಲುಬ್ಬರ್ಟನೇ ಒಳಬಂದ. ಬಸ್ಸಿನಿಂದ ಯಾರು ಇಳಿದರೆಂದು ಅವನಿಗೆ ಆಗಲೇ ತಿಳಿದಿತ್ತು.

"ಓಹೋ, ನಮ್ಮ ಪ್ರೊಫೆಸರು! ಈ ವಾರ ದೇವರಿಗೆ ಏನಾದ್ರೂ ಕೆಲಸ ಉಳಿಸಿದ್ದೀಯೋ, ಎಲ್ಲ ಕಿತ್ಕೊಂಡಾಯ್ತೋ?"

"ಮಕ್ಕಳನ್ನ ಕೊಲ್ಲೋ ಕೆಲಸ ಒಂದನ್ನ ಕಿತ್ಕೊಂಡಿದ್ದೀನಿ ಲುಬ್ಬರ್ಟ್ ಮಾವ. ಉಳಿದದ್ದೆಲ್ಲ ಅವನಿಗೇ ಬಿಟ್ಟಿದ್ದೀನಿ."

ಲುಬ್ಬರ್ಟನ ಮುಖದಿಂದ ನಗು ಹೋಯಿತು. ಅವನು ಬೆರೆಂಡನನ್ನು ಬಿಟ್ಟು ವೋಲ್ಟರನ ಕಡೆ ತಿರುಗಿದ. "ಸೂಜಿ ಹಾಕಿಸಿದ ಮನೆಯವರಿಗೆ ಚರ್ಚಿನಲ್ಲಿ ಪ್ರಭುವಿನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ನೆನಪಿರಲಿ. ನಿನ್ನನ್ನ ಹಿರಿಯನ ಸ್ಥಾನಕ್ಕೆ ಹೆಸರಿಸಿದವನು ನಾನೇ, ನನ್ನ ಮುಖಕ್ಕೆ ಮಸಿ ಬಳೀಬೇಡ."

ಯೆನ್ನೆಕೆ ಒಲೆಯ ಬಳಿ ಮಜ್ಜಿಗೆ ಗಂಜಿ ತಿರುವುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅವಳನ್ನು ಯಾರೂ ಕೇಳಲಿಲ್ಲ. ಮಕ್ಕಳನ್ನು ಹೆತ್ತವಳು ಅವಳು, ಎದೆಹಾಲು ಕೊಟ್ಟವಳು ಅವಳು, ಮಾತಾಡುವವರು ಮೂವರು ಗಂಡಸರು!

ಹೊರಡುವಾಗ ಬೆರೆಂಡ್ ಅಂಗಳದಲ್ಲಿ ಅವಳನ್ನು ತಡೆದ. "ಅತ್ತಿಗೆ, ಚರ್ಚಿನ ಎದುರು ಶಾಲೆಯಲ್ಲೇ ಸರ್ಕಾರದವರು ಸೂಜಿ ಹಾಕ್ತಾರೆ. ಹಿಂದೆ ಬೇಲಿ ಪಕ್ಕ ಒಂದು ಬಾಗಿಲಿಟ್ಟಿದ್ದಾರೆ. ಹೆಸರು ಕೇಳಲ್ಲ, ಬರ್ಕೊಳ್ಳೋದೂ ಇಲ್ಲ. ಇಬ್ಬರನ್ನೂ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗಿ, ಅಷ್ಟೇ."

"ಇವರಿಗೆ ಹೇಳದೇನಾ?"

"ಹೇಳದೇ."

"ನೋಡ್ತೀನಿ ಬೆರೆಂಡ್."

ಸೋಮವಾರ ಅವಳು ಸೈಕಲ್ಲನ್ನು ಗೇಟಿನ ತನಕ ತಳ್ಳಿಕೊಂಡು ಬಂದಳು. ಮುಂದೆ ಬುಟ್ಟಿಯಲ್ಲಿ ಹತ್ತು ತಿಂಗಳ ರೂಲೊಫ್, ಹಿಂದೆ ಫೆಮ್ಮಿ. ರಸ್ತೆಯಲ್ಲಿ ಲುಬ್ಬರ್ಟನ ಹೆಂಡತಿ ಬರುತ್ತಿದ್ದಳು.

"ಎಲ್ಲಿಗೆ ಹೊರಟೆ ಯೆನ್ನೆಕೆ?"

"ಎಲ್ಲಿಗೂ ಇಲ್ಲ, ಚಕ್ರಕ್ಕೆ ಗಾಳಿ ಇದೆಯಾ ನೋಡ್ತಿದ್ದೆ" ಎಂದು ಸೈಕಲ್ ತಿರುಗಿಸಿದಳು.

ಅಷ್ಟೇ. ಅಷ್ಟಕ್ಕೆ ಒಂದು ಜೀವ ಹೋಯಿತು. ಪಕ್ಕದ ಮನೆಯವಳ ಒಂದು ಪ್ರಶ್ನೆಗೆ ಹೆದರುವಂತೆ ಹೆಂಗಸರನ್ನು ಬೆಳೆಸಿದ ಊರು ಅದು. ಆಮೇಲೆ ಅದೇ ಊರು, ದೇವರ ಚಿತ್ತ ಅಂದಿತು.

ಜೂನ್ ಮೊದಲ ವಾರ ಫೆಮ್ಮಿಗೆ ಜ್ವರ ಬಂತು. ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಆಡಿದ್ದಕ್ಕೆ ಶೀತವಾಗಿದೆ ಎಂದಳು ಗೇಸೆ. ಎರಡನೆಯ ದಿನ ಕತ್ತು ಬಗ್ಗಲಿಲ್ಲ. ಮೂರನೆಯ ದಿನ ಎಡಗೈ ಮೇಲೇಳಲಿಲ್ಲ. ಆ ಮಧ್ಯಾಹ್ನ ಯೆನ್ನೆಕೆ ಬಿಸಿ ಗಂಜಿಯ ಬಟ್ಟಲು ಮುಂದಿಟ್ಟಳು.

"ಆರಿಸ್ಕೊಂಡು ಕುಡಿ ಚಿನ್ನ."

"ನೀನೇ ಊದಮ್ಮ" ಎಂದಳು ಫೆಮ್ಮಿ. "ನಂಗೆ ಊದಕ್ಕಾಗ್ತಿಲ್ಲ."

ಯೆನ್ನೆಕೆ ಊದಿದಳು. ಊದುತ್ತ ಮಗಳ ಎದೆ ನೋಡಿದಳು. ಅದು ಏರುವುದಕ್ಕೆ ಮುಂಚೆಯೇ ಇಳಿಯುತ್ತಿತ್ತು. ಬಟ್ಟಲು ಬಿಟ್ಟು ವೋಲ್ಟರನನ್ನು ಕೂಗಿದಳು.

ಊರಿನ ವೈದ್ಯರನ್ನು ಕರೆದರು. ರೋಗ ಬಂದ ಮೇಲೆ ಕರೆಯಬಹುದಲ್ಲ! ಅವರು ಒಂದು ಮಾತೂ ಬಯ್ಯಲಿಲ್ಲ. ಹುಡುಗಿಯನ್ನು ತಾವೇ ಎತ್ತಿಕೊಂಡು ಆಂಬುಲೆನ್ಸಿಗೆ ಹಾಕಿದರು. ಪಟ್ಟಣದ ಆಸ್ಪತ್ರೆಯಲ್ಲಿ ಯಂತ್ರ ನಾಲ್ಕು ದಿನ ಅವಳ ಬದಲು ಉಸಿರಾಡಿತು. ಬಾಯಿಯಲ್ಲಿ ಕೊಳವೆ ಇದ್ದುದರಿಂದ ಫೆಮ್ಮಿ ಮಾತಾಡಲಾರದೆ ಕಣ್ಣಿಂದ ತಾಯಿಯನ್ನು ಹಿಂಬಾಲಿಸುತ್ತಿದ್ದಳು. ಐದನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಆ ನೋಟವೂ ನಿಂತಿತು.

ಹೂಳಿದ ಮಾರನೆಯ ದಿನ ಸಾಂತ್ವನ ಹೇಳಲು ಲುಬ್ಬರ್ಟ್ ಬಂದ. ಕಪ್ಪು ಸೂಟು, ಮಂಡಿಯ ಮೇಲೆ ಟೊಪ್ಪಿ. ಗೇಸೆ ಕಾಫಿ ಕೊಟ್ಟಳು, ಬಿಸ್ಕತ್ತಿನ ಡಬ್ಬಿ ತೆರೆದು ಒಂದು ಕೊಟ್ಟು ಮುಚ್ಚಿದಳು. ವೋಲ್ಟರ್ ನೆಲ ನೋಡುತ್ತ ಕೂತಿದ್ದ. ಬೆರೆಂಡ್ ಕಿಟಕಿಯ ಬಳಿ ನಿಂತಿದ್ದ. ಸಮಾಧಿಯ ಬಳಿ ಅವನಿಗೆ ಬಾಯಿ ತೆರೆಯಲು ಬಿಟ್ಟಿರಲಿಲ್ಲ.

"ಇದು ಮೇಲಿರೋ ಅಪ್ಪನ ಕೈಯಿಂದ ಬಂದ ಏಟು. ತುಟಿ ಎರಡು ಮಾಡದೆ ಸಹಿಸ್ಕೋಬೇಕು" ಎಂದ ಲುಬ್ಬರ್ಟ್.

ಯೆನ್ನೆಕೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. "ಲುಬ್ಬರ್ಟ್ ಮಾವ, ಅವಳು ಈಗ ದೇವರ ಹತ್ರ ಇದ್ದಾಳಾ?"

ಲುಬ್ಬರ್ಟ್ ಕಾಫಿ ಬಟ್ಟಲು ಕೆಳಗಿಟ್ಟ. "ಅದು ನಾವು ಹೇಳೋ ಮಾತಲ್ಲಮ್ಮ. ಅವನು ಆರಿಸಿಕೊಂಡವರಲ್ಲಿ ಅವಳ ಹೆಸರು ಇತ್ತೋ ಇಲ್ಲವೋ. ಆಶೆ ಇಟ್ಕೋಬಹುದು. ಖಾತ್ರಿ ಹೇಳಕ್ಕಾಗಲ್ಲ."

ಏಳು ವರ್ಷದ ಹುಡುಗಿ. ಹಸುಗಳ ಕಿವಿಯಲ್ಲಿ ಸಮಾಧಾನ ಹೇಳಿದವಳು. ಅವಳ ತಾಯಿಯ ಮುಂದೆ, ಅವಳ ಅಜ್ಜಿ ಕೊಟ್ಟ ಬಿಸ್ಕತ್ತು ತಿಂದು, ಆ ಮನುಷ್ಯ ಇಷ್ಟು ಹೇಳಿದ. ಅವನ ಗಂಟಲಲ್ಲಿ ಅದು ಸಿಕ್ಕಿಕೊಳ್ಳಲೂ ಇಲ್ಲ.

"ಎದ್ದೇಳು ಮಾವ" ಎಂದ ಬೆರೆಂಡ್. "ಇಷ್ಟು ವರ್ಷ ಪುಸ್ತಕ ಓದಿ, ಪುಸ್ತಕ ಬರೆದು ನಾನು ನಿಮ್ಮ ಜೊತೆ ವಾದ ಮಾಡಿದೆ. ಇವತ್ತು ವಾದ ಇಲ್ಲ. ಫೆಮ್ಮಿಯ ಉಸಿರು ಕಿತ್ಕೊಂಡವನು, ಕಿತ್ಕೊಂಡ ಮೇಲೂ ಅವಳು ಬೇಕೋ ಬೇಡವೋ ಅಂತ ಯೋಚಿಸೋನು, ಅಂಥವನು ದೇವರಾದ್ರೆ ನಾನು ಅವನ ಮುಂದೆ ಮಂಡಿ ಊರಲ್ಲ. ನಾನು ನಂಬಿದ ದೇವರು ಆ ಸೋಮವಾರ ಶಾಲೆಯಲ್ಲಿ ಸೂಜಿ ಹಿಡ್ಕೊಂಡು ಕಾಯ್ತಾ ಇದ್ದ. ನಾವು ಹೋಗಲಿಲ್ಲ. ಅಷ್ಟೇ ನಡೆದದ್ದು. ಅವನು ಮಾಡಿದ್ದಲ್ಲ ಇದು. ನಾವು ಮಾಡಿದ್ದು."

"ದೇವದೂಷಣೆ!" ಲುಬ್ಬರ್ಟ್ ಎದ್ದು ನಿಂತ.

"ನಾನು" ಎಂದಳು ಯೆನ್ನೆಕೆ.

ಎಲ್ಲರೂ ಅವಳ ಕಡೆ ತಿರುಗಿದರು. ಆ ಮನೆಯಲ್ಲಿ ಅವಳ ಮಾತಿಗೆ ಗಂಡಸರು ತಿರುಗಿ ನೋಡಿದ್ದು ಅದೇ ಮೊದಲು.

"ಗೇಟಿನ ತನಕ ಹೋಗಿ ತಿರುಗಿ ಬಂದವಳು ನಾನು. ದೇವರು ಅಡ್ಡ ಬರಲಿಲ್ಲ. ನಿಮ್ಮ ಹೆಂಡತಿ ಅಡ್ಡ ಬಂದಳು, ಅವಳಿಗೆ ಹೆದರಿದೆ. ಹದಿನೆಂಟು ಹಸುಗಳು ಕೊಟ್ಟಿಗೆಯಲ್ಲಿ ಚೆನ್ನಾಗಿವೆ ಲುಬ್ಬರ್ಟ್ ಮಾವ. ಒಂದಕ್ಕೂ ಆತ್ಮ ಇಲ್ಲ. ಆತ್ಮ ಇದ್ದವಳನ್ನ ನಿನ್ನೆ ಹೂಳಿ ಬಂದ್ವಿ."

ವೋಲ್ಟರ್ ಮುಖ ಮುಚ್ಚಿಕೊಂಡ.

ಅವಳು ಎದ್ದು ರೂಲೊಫನನ್ನು ಸೊಂಟಕ್ಕೇರಿಸಿಕೊಂಡಳು. ಎಲ್ಲಿಗೆ ಎಂದು ಯಾರೂ ಕೇಳುವ ಅಗತ್ಯವಿರಲಿಲ್ಲ.

"ವೋಲ್ಟರ್, ನಿನ್ನ ಹೆಂಡತಿಗೆ ಹೇಳು" ಎಂದು ಲುಬ್ಬರ್ಟ್ ಅಬ್ಬರಿಸಿದ. "ಆ ಬಾಗಿಲು ದಾಟಿದ್ರೆ ಭಾನುವಾರ ನೀನೂ ಹೊರಗೆ!"

ವೋಲ್ಟರ್ ಹೇಳಲಿಲ್ಲ. ಬೇಡ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಮುಖದಿಂದ ಕೈ ತೆಗೆಯದೆ ಕೂತೇ ಇದ್ದ. ಅಪ್ಪನಾಗಿ ಅವನು ಆ ವರ್ಷ ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಬಾಗಿಲ ಹತ್ತಿರ ಗೇಸೆ ಅಡ್ಡ ನಿಂತಿದ್ದಳು. ಎಪ್ಪತ್ತೆರಡು ವರ್ಷ ಚರ್ಚಿನ ಅದೇ ಸಾಲಿನಲ್ಲಿ ಕೂತವಳು. ಯೆನ್ನೆಕೆ ನಿಂತಳು.

"ದಾರಿ ಬಿಡಿ ಅತ್ತೆ."

"ಟೊಪ್ಪಿ ಎಲ್ಲಿ ಮಗುಂದು?" ಎಂದಳು ಗೇಸೆ. "ಗಾಳಿ ಇದೆ ಹೊರಗೆ." ಗೂಟದಿಂದ ಉಣ್ಣೆ ಟೊಪ್ಪಿ ತೆಗೆದು ರೂಲೊಫನ ಗಲ್ಲದ ಕೆಳಗೆ ದಾರ ಕಟ್ಟಿದಳು. ಗಂಟು ಎರಡು ಸಲ ಬಿಚ್ಚಿತು. ಆಮೇಲೆ ಏಪ್ರನ್ನಿನ ಜೇಬಿಗೆ ಕೈ ಹಾಕಿ ಒಂದು ಪೆಪ್ಪರಮೆಂಟು ತೆಗೆದು ಸೊಸೆಯ ಅಂಗೈಯಲ್ಲಿ ಇಟ್ಟಳು. "ಅವಳದು. ಮೂರನೇದು. ಹೋದ ತಿಂಗಳು ಪ್ರಸಂಗದ ಹೊತ್ತಲ್ಲಿ ನಿದ್ದೆ ಹೋಗ್ಬಿಟ್ಟಿದ್ದಳು, ಹಾಗೇ ಉಳೀತು" ಎಂದು ಪಕ್ಕಕ್ಕೆ ಸರಿದಳು.

ಅಂದು ಬುಧವಾರ, ಹಾಡುಹಗಲು ಹನ್ನೊಂದು ಗಂಟೆ. ಯೆನ್ನೆಕೆ ಕಪ್ಪು ಶೋಕದ ಉಡುಪಿನಲ್ಲೇ ಊರ ಮುಖ್ಯ ಬೀದಿಯ ಉದ್ದಕ್ಕೂ ಸೈಕಲ್ ತುಳಿದಳು. ಕಿಟಕಿಗಳ ಪರದೆಗಳು ಅಲುಗಾಡಿದವು. ಬೆರೆಂಡ್ ಜೊತೆಗೆ ಬರುತ್ತೇನೆಂದಿದ್ದ, ಅವಳು ಬೇಡ ಅಂದಿದ್ದಳು. ಇಲ್ಲದಿದ್ದರೆ ಪ್ರೊಫೆಸರು ಕರೆದುಕೊಂಡು ಹೋದರು ಅನ್ನುತ್ತಾರೆ. ಚರ್ಚಿನ ಎದುರು ಸೈಕಲ್ ನಿಲ್ಲಿಸಿ, ಈಗ ದಿನವೂ ಸೂಜಿ ಹಾಕುತ್ತಿದ್ದ ಶಾಲೆಯ ಮುಂಬಾಗಿಲಿನ ಮೆಟ್ಟಿಲು ಹತ್ತಿದಳು.

ಒಳಗಿದ್ದ ನರ್ಸ್ ಅವಳ ಬಟ್ಟೆ ನೋಡಿ, ಯಾವ ಸಭೆಯವಳೆಂದು ತಿಳಿದು, ಮೆಲ್ಲಗೆ ಹೇಳಿದಳು. "ಅಮ್ಮ, ಬೇಕಾದ್ರೆ ಹಿಂದುಗಡೆ ಬಾಗಿಲಿದೆ. ಅಲ್ಲಿ ಹೆಸರು ಬರೆಯಲ್ಲ."

"ಬರೀರಿ" ಎಂದಳು ಯೆನ್ನೆಕೆ. "ರೂಲೊಫ್, ವೋಲ್ಟರನ ಮಗ. ಮಾರ್ಸ್‌ವೇನ್."

ನರ್ಸ್ ಬರೆದಳು.

"ಅದರ ಮೇಲೆ ಇನ್ನೊಂದು ಹೆಸರು ಬರೀರಿ. ಫೆಮ್ಮಿ. ಬರಲಿಲ್ಲ ಅಂತ ಬರೀರಿ."

ನರ್ಸ್ ಅದನ್ನೂ ಬರೆದಳು.

ಸೂಜಿ ಒಳಹೋದಾಗ ರೂಲೊಫ್ ಒಂದು ಕ್ಷಣ ಅಚ್ಚರಿಯಿಂದ ತಾಯಿಯ ಮುಖ ನೋಡಿದ. ಆಮೇಲೆ ಎದೆ ತುಂಬ ಗಾಳಿ ಎಳೆದುಕೊಂಡು ಕಿಟಕಿಯ ಗಾಜು ನಡುಗುವಂತೆ ಕಿರುಚಿದ. ರಸ್ತೆಯಾಚೆ ಚರ್ಚಿನ ಅಂಗಳದಲ್ಲಿ ನಿಂತಿದ್ದವರೆಲ್ಲ ತಲೆ ಎತ್ತಿದರು.

"ಅಯ್ಯೋ, ಸಮಾಧಾನ ಮಾಡಿ ಅಮ್ಮ" ಎಂದಳು ನರ್ಸ್.

"ಬೇಡ" ಎಂದಳು ಯೆನ್ನೆಕೆ. ಮಗನ ಎದೆಯ ಮೇಲೆ ಅಂಗೈ ಇಟ್ಟು, ಅದು ಪೂರ್ತಿ ಏರಿ, ಪೂರ್ತಿ ಇಳಿಯುವುದನ್ನು ನೋಡುತ್ತ ನಿಂತಳು. "ಅಳಲಿ. ಎಲ್ಲರಿಗೂ ಕೇಳಿಸಲಿ."